ಕಟ್ಟಿದವನೇ ಹೇಳಬೇಕಾದ ಮಾತು

ತಪ್ಪು ನನ್ನದೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಏನಾದರೊಂದು ನೆವ ಹುಡುಕಿ ಬಿಟ್ಟುಬಿಡುವ ಪೈಕಿ ನಾನು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿದ್ದ ದಿನ, ಹರಿಗೋಲಿನಲ್ಲಿ ಯಾರೂ ಕಟ್ಟದೇ ಬಿಟ್ಟಿದ್ದ ಸೋರೆಬುರುಡೆಗಳನ್ನು "ಕಟ್ಟಾಯ್ತು" ಎಂದವನು ನಾನು. ಅದೂ ಇನ್ನೊಬ್ಬನ ದನಿ ತೆಗೆದು. ಯಾರೂ ನನ್ನ ಕತ್ತು ಹಿಸುಕಿ ಹೇಳಿಸಲಿಲ್ಲ.

ದನಿ ತೆಗೆಯುವ ಚಟ ನನಗೆ ಮೀಸೆಗಿಂತ ಮುಂಚೆ ಬಂದದ್ದು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯಿಲ್ಲ. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಿದ್ದರೆ, ನಾನು ಬಾಗಿಲಾಚೆ ನಿಂತು ಸೀರೆ ಕೊಳ್ಳಲು ಬರುವ ಸಾಹುಕಾರರ ಮೂಗಿನ ದನಿಯಲ್ಲಿ "ಅಂಚು ಸೊಟ್ಟ ಅಲ್ಲವೇನಪ್ಪಾ?" ಎನ್ನುತ್ತಿದ್ದೆ. ಅಪ್ಪ ಗಾಬರಿಯಿಂದ ಎದ್ದು ಕೈ ಮುಗಿಯುವಷ್ಟರಲ್ಲಿ ನಾಲ್ಕು ಎಳೆ ಹರಿದಿರುತ್ತಿದ್ದವು. ಕೊಯಮತ್ತೂರಿನಿಂದ ಬರುತ್ತಿದ್ದ ತಮಿಳು ಅಧಿಕಾರಿಯ ಕನ್ನಡ, ಒಂದೊಂದು ಮಾತನ್ನೂ ಒಣಗಲು ಹರವಿದಂತೆ ಎಳೆಯುತ್ತಿದ್ದ ಹನೂರಿನ ಅತ್ತೆಯ ರಾಗ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಇಲ್ಲದಿದ್ದದ್ದು ನನ್ನದೊಂದೇ. ಹದಿನಾರಕ್ಕೆ ಒಡೆದ ನನ್ನ ಸ್ವಂತ ದನಿ ಇಪ್ಪತ್ತಾದರೂ ಕೂಡಿಕೊಂಡಿರಲಿಲ್ಲ. ನಾನು ನಾನಾಗಿ ಮಾತಾಡಿದರೆ ಬೀದಿಯ ಹೋತಗಳು ತಿರುಗಿ ನೋಡುತ್ತಿದ್ದವು.

"ಇನ್ನೊಂದ್ ಗಳಿಗೆ ಮಗ್ಗದ ತಾವ ನಿಂತ್ಯೋ, ಲಾಳೀಲಿ ಬುರ್ಡೆ ಒಡ್ದಾಕ್ಬುಡ್ತೀನಿ" ಎಂದು ಅಪ್ಪ ಹೇಳಿದ ದಿನ ನಾನು ಹೊಳೆಗೆ ಹೋದೆ. ಮುಳುಗಲು ಅಲ್ಲ. ಅಲ್ಲಿ ನನ್ನ ವಯಸ್ಸಿನ ಗೆಳೆಯನೊಬ್ಬನಿದ್ದ. ಅವನ ಸೋದರಮಾವ ಹರಿಗೋಲು ನಡೆಸುತ್ತಿದ್ದರು. ಆಗಿನ್ನೂ ಈಚೆ ದಡ ಮದ್ರಾಸ್ ಪ್ರಾಂತ್ಯದ್ದು, ಆಚೆ ದಡ ಮೈಸೂರು ಸಂಸ್ಥಾನದ್ದು; ನಡುವಿನ ನೀರು ಮಾವನದು ಎಂದು ಗೆಳೆಯ ಹೇಳುತ್ತಿದ್ದ. ನಾನೂ ಅವರನ್ನು ಮಾವ ಎಂದೇ ಕರೆಯತೊಡಗಿದೆ.

ಮಾವನಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ದಡ ಯಾವುದು ನೀರು ಯಾವುದು ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಉಳಿದದ್ದನ್ನು ಕಿವಿ ನೋಡುತ್ತಿತ್ತು. ಬಂಡೆ ಎಲ್ಲಿದೆ, ಸುಳಿ ಎಲ್ಲಿದೆ ಎಂದು ನೀರಿನ ಸದ್ದಿನಲ್ಲೇ ಹೇಳಿಬಿಡುತ್ತಿದ್ದರು. ಆದರೆ ಹರಿಗೋಲಿನೊಳಗೆ ಕಟ್ಟಿಡುವ ಸಾಮಾನು ಸದ್ದು ಮಾಡುವುದಿಲ್ಲವಲ್ಲ. ಅದಕ್ಕೇ ಅವರು ಒಂದು ಕ್ರಮ ಇಟ್ಟಿದ್ದರು. ನೀರಿಗೆ ಇಳಿಸುವ ಮುಂಚೆ ಒಂದೊಂದೇ ಸಾಮಾನಿನ ಹೆಸರು ಕೂಗುತ್ತಾರೆ. ಅದನ್ನು ಯಾರು ಕಟ್ಟಿದರೋ ಅವನೇ "ಕಟ್ಟಾಯ್ತು" ಎನ್ನಬೇಕು. ಕಣ್ಣಾರೆ ಕಂಡಿದ್ದರೂ ಇನ್ನೊಬ್ಬ ಹೇಳಕೂಡದು.

ಕಟ್ಟುವುದೂ ಸುಲಭವಲ್ಲ. ಸಾಮಾನು ಅಲೆಗೆ ಜಾರಬಾರದು, ಬೇಕೆಂದಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಮೊದಲ ದಿನ ನಾನು ಮಿಕ್ಕ ಹುಟ್ಟನ್ನು, ಎಂದರೆ ಮಾವನ ಕೈಯದು ತಪ್ಪಿಹೋದರೆ ಬೇಕಾಗುವ ಇನ್ನೊಂದನ್ನು, ಬಿದಿರಿನ ಅಂಚಿಗೆ ನಮ್ಮ ಮನೆಯ ಕಲಿಕೆಯಂತೆ ಕಟ್ಟಿದೆ. ಹರಿದ ರೇಷ್ಮೆ ಎಳೆಗೆ ಹಾಕುವ ಗಂಟು, ಸಾಸಿವೆಯಷ್ಟು ಸಣ್ಣದು, ದೇವರು ಬಂದರೂ ಬಿಚ್ಚದು. ಮಾವ ಬೆರಳಾಡಿಸಿ ನೋಡಿ ನಕ್ಕರು. "ಇದೇನ್ ಸೀರೆಯೇನ್ಲಾ? ಮುಳುಗೋನು ಉಗುರಲ್ಲಿ ಬುಡಿಸ್ಕಂಡು ಕೂತಾನಾ?" ಮತ್ತೆ ಕೈ ಹಿಡಿದು ಕುಣಿಕೆ ಹಾಕುವುದನ್ನು ಕಲಿಸಿದರು. ಎರಡು ವರ್ಷದಲ್ಲಿ ನಾನು ಕಣ್ಣು ಮುಚ್ಚಿ ಕಟ್ಟುವಂತಾದೆ. ಆ ವರ್ಷ ಹೊಸ ನೀರು ಬಂದಾಗ ಮಾವ ನಮ್ಮಿಬ್ಬರೆದುರಿಗೇ ಹೇಳಿದರು: "ಈ ನೀರ್ ಇಳೀಲಿ, ದೊಡ್ಡ ಹುಟ್ಟ ಇವನ ಕೈಗೆ ಕೊಟ್ಟುಬುಡ್ತೀನಿ."

ಇವನ ಎಂದರೆ ನನ್ನ. ದೊಡ್ಡ ಹುಟ್ಟು ಎಂದರೆ ಹರಿಗೋಲು ನಡೆಸುವ ಕೆಲಸವೇ. ನನ್ನ ಬದುಕಿನಲ್ಲಿ ಯಾರಾದರೂ ನನ್ನ ಕೈಗೆ ಏನನ್ನಾದರೂ ನಂಬಿ ಕೊಡುತ್ತೇನೆ ಎಂದದ್ದು ಅದೇ ಮೊದಲು. ಗೆಳೆಯ ನನ್ನ ಬೆನ್ನಿಗೆ ಗುದ್ದಿ, "ಮಗ್ಗ ಬುಟ್ಟು ಬಂದು ನಮ್ಮಾವನ್ನೇ ನೇಯ್ದಾಕ್ಬುಟ್ಟಲ್ಲೋ ಲೇ" ಎಂದು ನಕ್ಕ. ಆ ನಗೆಯನ್ನು ನಾನು ನಗೆ ಎಂದೇ ತಿಳಿದೆ. ಎಲ್ಲರ ದನಿಯನ್ನೂ ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತೇನೆಂದು ಬೀಗುತ್ತಿದ್ದ ನನಗೆ ಅದರಲ್ಲಿ ಇನ್ನೇನೂ ಕೇಳಿಸಲಿಲ್ಲ.

ಅವನ ದನಿ ತೆಗೆಯುವುದು ಶುರುವಾದದ್ದು ತಮಾಷೆಗೆ. ದಡದ ಚಪ್ಪಟೆ ಬಂಡೆಯ ಮೇಲೆ ಯಾರೋ ಗೀರಿಟ್ಟಿದ್ದ ಆಡು–ಹುಲಿ ಆಟದ ಮನೆಗಳಿದ್ದವು. ಗೆಳೆಯನಿಗೆ ಅದರ ಹುಚ್ಚು. ತನ್ನ ಪಾಲಿನ ಸಾಮಾನು ಕಟ್ಟಿ, "ಮಾವ ಕೂಗಿದ್ರೆ ನೀನೇ ಅಂದ್ಬುಡ್ಲಾ" ಎಂದು ಬಂಡೆಗೆ ಓಡುತ್ತಿದ್ದ. ನಾನು ನನ್ನ ಪಾಲಿನದಕ್ಕೆ ಹೋತದ ದನಿಯಲ್ಲೂ, ಅವನ ಪಾಲಿನದಕ್ಕೆ ಅವನ ಗಡಸು ದನಿಯಲ್ಲೂ ಉತ್ತರ ಕೊಡುತ್ತಿದ್ದೆ. ಮಾವ ಎರಡು ಸಲವೂ ತಲೆಯಾಡಿಸುತ್ತಿದ್ದರು. ಆ ಕಿವಿಯನ್ನೇ ಗೆದ್ದೆನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಗೆಳೆಯ ಕಟ್ಟದೆ ಹೋದದ್ದು ಒಂದು ದಿನವೂ ಇರಲಿಲ್ಲ. ಅದಕ್ಕೇ ಕೈಯಿಟ್ಟು ನೋಡುವ ಅಭ್ಯಾಸ ನನಗೆ ತಪ್ಪಿತ್ತು.

ಆವತ್ತು ಬೆಳಿಗ್ಗೆ ದಾಟಬೇಕಾದವರು ಮೂವರು. ಮಾದೇಶ್ವರನ ಬೆಟ್ಟದಿಂದ ನಡೆದು ಹಿಂತಿರುಗುತ್ತಿದ್ದ ಇಬ್ಬರು ಹರಕೆಯವರು, ಮತ್ತೆ ಮಾಂಬಳ್ಳಿಯ ಒಬ್ಬ ವಯಸ್ಸಾದ ಹೆಂಗಸು. ಆಚೆ ದಡದ ಊರಿನಲ್ಲಿ ಅವಳ ಮಗಳಿಗೆ ಹೆರಿಗೆಯಾಗಿತ್ತು. ಹರಳೆಣ್ಣೆ, ಮೆಣಸು, ಮೆತ್ತನೆಯ ಹಳೇ ಸೀರೆಗಳ ಗಂಟನ್ನು ಅವಳು ಕೂಸನ್ನೇ ಎತ್ತಿಕೊಂಡಂತೆ ಎತ್ತಿಕೊಂಡಿದ್ದಳು.

ಬುರುಡೆಗಳು ಗೆಳೆಯನ ಪಾಲು. ಹಗ್ಗದ ಜಾಳಿಗೆಯೊಳಗೆ ಎರಡು ಒಣ ಸೋರೆಬುರುಡೆ; ಯಾರಾದರೂ ನೀರಿಗೆ ಬಿದ್ದರೆ ಎಸೆಯಲು. ಅವು ಅಂಚಿಗೆ ಒರಗಿಕೊಂಡಿದ್ದವು.

"ಕಟ್ಟಿದ್ದೀಯೇನ್ಲಾ?" ಎಂದೆ.

"ಕಟ್ಟಿವ್ನಿ ಕಣೋ, ಇದೇನ್ ಹೊಸ್ದಾ? ಹುಲಿ ಸಿಕ್ಕಾಕಂಡದೆ, ಬುಡು ನನ್ನ" ಎಂದು ಅವನು ಹರಕೆಯವರ ಜೊತೆ ಆಟಕ್ಕೆ ಓಡಿದ.

ಮಾವ ಕೂಗಿದರು. "ಮಿಕ್ಕ ಹುಟ್ಟು?"

"ಕಟ್ಟಾಯ್ತು" ನನ್ನ ದನಿಯಲ್ಲಿ ನಾನು.

"ಬುರ್ಡೆ?"

"ಕಟ್ಟಾಯ್ತು ಮಾವ" ಅವನ ದನಿಯಲ್ಲಿ ನಾನು. ಒಂದು ಸಣ್ಣ ಆಕಳಿಕೆಯನ್ನೂ ಸೇರಿಸಿದೆ. ಅವನದೇ ಆಕಳಿಕೆ.

ಗೆಳೆಯನೂ ಹರಕೆಯವರೂ ಓಡಿಬಂದು ಹತ್ತಿದರು. ಹೊಳೆಯ ನಡುವಿಗೆ ಬರುವ ತನಕ ಎಲ್ಲವೂ ಸರಿಯಿತ್ತು. ಎಲ್ಲಿಂದಲೋ ತೇಲಿ ಬಂದ ಮರದ ಕೊಂಬೆ ಹರಿಗೋಲಿಗೆ ಬಡಿಯಿತು. ಹರಿಗೋಲು ಗಿರ್ರನೆ ತಿರುಗಿ ಒಂದು ಕಡೆಗೆ ವಾಲಿತು. ಮಾವನ ಕೈಯಿಂದ ಹುಟ್ಟು ಹಾರಿತು. ಆ ಹೆಂಗಸು ಗಂಟಿನ ಸಮೇತ ನೀರಿಗೆ ಬಿದ್ದಳು.

"ಬುರ್ಡೆ ಎಸೀಲಾ!" ಎಂದು ಮಾವ ಅರಚಿದರು.

ಬುರುಡೆಗಳು ಆಗಲೇ ನಮಗಿಂತ ಹತ್ತು ಮಾರು ಮುಂದೆ, ಶಿವನಸಮುದ್ರದಲ್ಲಿ ತುರ್ತು ಕೆಲಸವಿದ್ದವರಂತೆ ಜೊತೆಯಾಗಿ ತೇಲಿ ಹೋಗುತ್ತಿದ್ದವು.

ಹೆಂಗಸಿನ ಕೂಗು ಬಂದ ಕಡೆಗೆ ಮಾವ ಹೊಟ್ಟೆಯ ಮೇಲೆ ಬಿದ್ದು ಕೈ ಚಾಚಿದರು. ಅವಳ ತುರುಬು ಸಿಕ್ಕಿತು. ನಾನು ಮಿಕ್ಕ ಹುಟ್ಟಿನ ಕುಣಿಕೆ ಎಳೆದೆ. ಒಂದೇ ಎಳೆತಕ್ಕೆ ಬಿಚ್ಚಿತು. ಗೆಳೆಯನೂ ಹರಕೆಯವರೂ ಸೇರಿ ಅವಳನ್ನು ಒಳಗೆಳೆಯುವಷ್ಟು ಹೊತ್ತೂ ನಾನು ಒಬ್ಬನೇ ತುಂಬಿದ ಹೊಳೆಯಲ್ಲಿ ಹುಟ್ಟು ಹಾಕಿದೆ. ಅರ್ಧ ಮೈಲಿ ಕೆಳಗೆ, ಜಾಲಿಮುಳ್ಳಿನ ಮೆಳೆಯ ಹತ್ತಿರ ಆಚೆ ದಡ ಮುಟ್ಟಿದೆವು. ಯಾರೂ ಸಾಯಲಿಲ್ಲ. ಹೆಂಗಸು ಕೆಮ್ಮಿ ನೀರು ಕಾರಿ, ಬರಿಗೈ ನೋಡಿಕೊಂಡು, "ನನ್ನ ಗಂಟು" ಎಂದು ಅಳತೊಡಗಿದಳು.

ಮಾವ ಅವಳ ಅಳು ನಿಲ್ಲುವ ತನಕ ಕಾದರು. ಆಮೇಲೆ ಅಳಿಯನನ್ನು ಕೇಳಿದರು. "ಕಟ್ಟಾಯ್ತು ಅಂದ್ಯಲ್ಲ?"

ಗೆಳೆಯ ನನ್ನ ಮುಖ ನೋಡಿದ. ಇಬ್ಬರೂ ಸೇರಿ ಬೈಸಿಕೊಳ್ಳೋಣ ಎಂದು ನಾನು ಕಣ್ಣಲ್ಲೇ ಹೇಳಿದೆ. ಅವನು ದೃಷ್ಟಿ ತಪ್ಪಿಸಿದ.

"ನಾನೆಲ್ಲಿ ಅಂದೆ ಮಾವ? ನಾನು ಬಂಡೆ ತಾವಿದ್ದೆ. ಇವ್ನೇ ನನ್ ದನಿ ತೆಗ್ದು ಅಂದಿರೋದು. ದಿನಾ ಅಂತಾನೆ. ನಿನ್ ಕಣ್ ಕಾಣಲ್ವಲ್ಲ, ಅದ್ಕೇ ಆಟ ಕಟ್ತಾನೆ."

ನಾನು ನೂರಾರು ಜನರನ್ನು ಅಣಕಿಸಿದ್ದೇನೆ. ಬೈಗುಳ ತಿಂದಿದ್ದೇನೆ, ಲಾಳಿಯ ಏಟೂ ತಿಂದಿದ್ದೇನೆ. ಆದರೆ ಅವನು ಬಾ ಎಂದು ಕರೆದು ಕೈಗಿಟ್ಟ ದನಿಯನ್ನು ನಾನು ಕದ್ದೆ ಎಂದು ಅವನೇ ಸಾಕ್ಷಿ ಹೇಳಿದ್ದು ಅದೇ ಮೊದಲು. ಹೆಂಗಸು ಒದ್ದೆ ಸೆರಗು ಹಿಂಡುತ್ತಾ ನನ್ನ ಕಡೆ ತಿರುಗಿ, "ಅಲ್ಲ ಕಣಪ್ಪ, ನಿನ್ನಾಟಕ್ಕೆ ನನ್ ತಲೆಯೇ ಬೇಕಾಗಿತ್ತಾ?" ಎಂದಳು.

ಮಾವ ಮುಖ ತಿರುಗಿಸಿ ಕೂತರು. "ಇನ್ನೊಂದ್ ಸಲ ಅನ್ಲಾ. ಬೆಳಿಗ್ಗೆ ಅಂದಂಗೇ."

ಬೇರೆ ದಾರಿ ಇರಲಿಲ್ಲ. ಅಂದೆ. ಆಕಳಿಕೆ ಮಾತ್ರ ಸೇರಿಸಲಿಲ್ಲ. ಮಾವನ ಹೆಗಲು ಕುಸಿಯಿತು. ಆ ಕಿವಿಯನ್ನು ಗೆದ್ದ ಹಿಗ್ಗು ನನ್ನಲ್ಲಿ ಎಲ್ಲಿತ್ತೋ ಅಲ್ಲೇ ಸತ್ತಿತು.

"ಮಾವ," ಎಂದೆ, ನನ್ನ ಒಡಕು ದನಿಯಲ್ಲಿ, "ಅಂದದ್ದು ನಾನೇ. ಆದ್ರೆ ಕಟ್ಟಿವ್ನಿ ಅಂತ ಅವ್ನೇ ನಂಗೆ ಹೇಳ್ದ. ನೀನೇ ಅಂದ್ಬುಡು ಅಂತ ದಿನಾ ಹೇಳ್ದೋನೂ ಅವ್ನೇ."

"ಇಲ್ಲ ಮಾವ," ಎಂದ ಗೆಳೆಯ. "ಆ ಮಾದಪ್ಪನಾಣೆ, ನಾನು ಹೇಳೇ ಇಲ್ಲ."

ಆಣೆಯನ್ನೂ ಇಟ್ಟುಬಿಟ್ಟ. ಬೆಟ್ಟದಿಂದ ಬಂದ ಹರಕೆಯವರ ಎದುರಿಗೇ. ನಾನು ದೊಡ್ಡ ಹುಟ್ಟನ್ನು ಮರೆತೆ. ನನ್ನ ಕೂಡ ಎರಡು ವರ್ಷ ಒಂದೇ ಎಲೆಯಲ್ಲಿ ಉಂಡವನನ್ನು ನೋಡುತ್ತಾ ನಿಂತೆ. ಮತ್ತೆ, ಅಸಹ್ಯ ನೋಡಿ, ಅದನ್ನು ಮರೆಯಲೂ ಇಲ್ಲ.

"ಮಾವ, ಅವ್ನು ಸುಳ್ಳು ಹೇಳ್ತಾವ್ನೆ," ಎಂದು ಕೂಗಿದೆ. "ಅವ್ನು ಸುಳ್ಳು ಹೇಳಿದ್ದುಕ್ಕೆ ನನ್ನ ಯಾಕೆ ಕಳಿಸ್ತೀಯ?" ಅವರಿನ್ನೂ ನನ್ನನ್ನು ಕಳಿಸಿರಲೇ ಇಲ್ಲ, ಆ ಮಾತನ್ನೂ ನಾನೇ ಮುಂದಾಗಿ ಆಡಿದೆ.

ಮಾವ ನನ್ನ ಕೈಯಿಂದ ಹುಟ್ಟು ತೆಗೆದುಕೊಂಡರು.

"ಅವ್ನು ಸುಳ್ಳು ಹೇಳ್ತಾವ್ನೆ ಅಂತ ನಂಗೂ ಕೇಳುಸ್ತು ಕಣ್ಲಾ. ಸುಳ್ಳು ಹೇಳಕಾದ್ರೆ ಅವ್ನ ದನಿ ಅದುರ್ತದೆ. ಬೆಳಿಗ್ಗೆ ಅವ್ನೇ ಅಂದಿದ್ರೆ ನಾನು ದಡ ಬುಡ್ತಿರ್ನಿಲ್ಲ. ಅಂದೋನು ನೀನು. ನಿನ್ ದನಿ ಅದುರ್ನಿಲ್ಲ."