ಎಣಿಸದ ಮಕ್ಕಳಿಗೊಂದು ವಿಮೆ

ನಾನು ಪುಕ್ಕಲು ಹೆಂಗಸು. ಬೆಳ್ತಂಗಡಿ ಸಂತೆಯಲ್ಲಿ, ಮೂಡಬಿದಿರೆಯ ಬೀದಿಗಳಲ್ಲಿ ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದಾಗಿನ ನನ್ನ ಚೌಕಾಸಿ ಕೇಳಿದವರು ಈ ಮಾತನ್ನು ನಂಬಲಾರರು. ಕೊಳ್ಳುವಾಗ ಅರ್ಧ ಬೆಲೆಯಿಂದ ಶುರು, ಮಾರುವಾಗ ಒಂದೂವರೆಯಿಂದ. ಆದರೆ ನನ್ನ ಅನುಭವ ಹೇಳುತ್ತೇನೆ, ಕೇಳಿ: ಗಂಟಲು ಹರಿಯುವಂತೆ ಚೌಕಾಸಿ ಮಾಡುವವರೆಲ್ಲ ಒಳಗೆ ಹೆದರಿದವರೇ. ಮೋಸಹೋಗುವ ಹೆದರಿಕೆ ಇಲ್ಲದವನು ಹೇಳಿದ ಬೆಲೆ ಕೊಟ್ಟು ತಣ್ಣಗೆ ಮನೆಗೆ ಹೋಗುತ್ತಾನೆ.

ಇಂಥ ನಾನು, ತಲೆಯ ಮೇಲಿನ ಗಂಟು ಇಳಿಸುವ ವಯಸ್ಸಾದಾಗ, ಬಂಟ್ವಾಳ ಪೇಟೆಯಲ್ಲಿ ಒಂದು ಹಳೆಯ ಅಕ್ಕಿ ಉಗ್ರಾಣವನ್ನು ಬಾಡಿಗೆಗೆ ಹಿಡಿದು ಶಿಶುವಿಹಾರ ತೆರೆದೆ. ಅಕ್ಕಿ ಗಿರಣಿಗೆ, ಅಡಿಕೆ ಸುಲಿಯಲಿಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಕೆಲಸ ಸಿಕ್ಕಿದ ದಿನ ಮಗು ಬರುತ್ತದೆ, ಸಿಗದ ದಿನ ಇಲ್ಲ. ಮಕ್ಕಳ ಮೂಗು ಒರೆಸುವುದರಿಂದ ಹಿಡಿದು ಗಂಜಿ ಉಣಿಸುವವರೆಗೆ ಎಲ್ಲವೂ ನಮ್ಮ ಆಯಾ ಕಲ್ಯಾಣಕ್ಕನದು. ಅಂಗಳದಲ್ಲಿ ಒಂದು ಬಾವಿ. ಅದರ ಕಟ್ಟೆ ಒಂದು ಬದಿಯಲ್ಲಿ ಕುಸಿದಿತ್ತು. ಅಕ್ಕಿ ಮುಡಿಗಳಿಗೆ ಅದರಿಂದ ಅಪಾಯ ಇರಲಿಲ್ಲವಲ್ಲ, ಹಾಗಾಗಿ ಉಗ್ರಾಣದ ಧಣಿ ಅದನ್ನು ಸರಿಮಾಡಿಸಿರಲಿಲ್ಲ.

ಜೀವವಿಮೆಯನ್ನು ಸರಕಾರ ತನ್ನ ಕೈಗೆ ತೆಗೆದುಕೊಂಡು ಕೆಲವು ವರ್ಷ ಕಳೆದಿತ್ತು. ಬೆಂಕಿ, ಅಪಘಾತದ ವಿಮೆಗಳು ಮಾತ್ರ ಇನ್ನೂ ಖಾಸಗಿ ಕಂಪೆನಿಗಳ ಬಳಿ ಇದ್ದವು. ಅಂಥದೊಂದರ ಏಜೆಂಟರು ವಾಮನ ಪೈಗಳು, ಮಂಗಳೂರಿನವರು. ಒಂದು ದಿನ ಚರ್ಮದ ಚೀಲ ಹಿಡಿದು ಬಂದು ನಮ್ಮ ಜಗಲಿಯಲ್ಲಿ ಕುಳಿತರು. ವಿಮೆ ಎಂಬ ಶಬ್ದದ ಬೇರು ಪಾರ್ಸಿ ಭಾಷೆಯ ‘ಬೀಮ್’, ಅಂದರೆ ಭಯ, ಎಂದು ಹಿಂದೊಮ್ಮೆ ನನ್ನ ಬಟ್ಟೆಯ ಗಿರಾಕಿಯಾಗಿದ್ದ ಮುನ್ಷಿಯೊಬ್ಬರು ಹೇಳಿದ್ದರು. ಸರಕಿನ ಹೆಸರೇ ಭಯವಾದ ವ್ಯಾಪಾರವನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಪೈಗಳ ಬಳಿ ಎರಡು ಬಗೆ ಇತ್ತು. ಒಂದು ಕಟ್ಟಡಕ್ಕೆ, ಅಗ್ಗ. ಇನ್ನೊಂದು ನಮ್ಮ ವಶದಲ್ಲಿರುವಾಗ ಮಕ್ಕಳಿಗೆ ಏನಾದರೂ ಆದರೆ, ತುಟ್ಟಿ. ಅದಕ್ಕೆ ತಲೆಗೆ ಇಷ್ಟು ಎಂದು ವರ್ಷದ ಕಂತು.

“ಎಷ್ಟು ಮಕ್ಕಳುಂಟು ಅಕ್ಕ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಕಲ್ಯಾಣಕ್ಕ ಒಳಗಿಂದ ಬಂದಳು. “ಮಕ್ಕಳನ್ನು ಎಣಿಸ್ಬಾರ್ದು ಸ್ವಾಮಿ, ದೃಷ್ಟಿ ಆಗ್ತದೆ. ಅವೇನು ತೆಂಗಿನಕಾಯಿಗಳಾ?”

“ತೆಂಗಿನಕಾಯಿ ಬಾವಿಗೆ ಬಿದ್ರೆ ತೇಲ್ತದೆ ಮಾರಾಯ್ತಿ,” ಎಂದರು ಪೈಗಳು.

“ಬಿಡ್ತು ಅನ್ನಿ! ಬಾಯಲ್ಲಿ ಎಂತ ಮಾತು!” ಎಂದು ಅವಳು ನೆಲಕ್ಕೆ ಉಗುಳಿ ಒಳಗೆ ಹೋದಳು.

ನನ್ನ ಚಾಲಾಕಿತನ ನೋಡಿ. ಅವಳ ನಂಬಿಕೆ ನನಗೆ ಲಾಭವಾಗಿ ಕಂಡಿತು. ಎಣಿಸದಿದ್ದರೆ ಎಷ್ಟು ಬೇಕಾದರೂ ಹೇಳಬಹುದು! “ಇಪ್ಪತ್ತು” ಎಂದೆ, ತಲೆಗಳು ಹೆಚ್ಚಿವೆ ಎಂದು ಗೊತ್ತಿದ್ದೂ. ಬಾವಿಗೆ ಕಟ್ಟೆ ಉಂಟೋ ಎಂದರೆ “ಉಂಟು” ಎಂದೆ. ಮುಕ್ಕಾಲು ಭಾಗ ಇತ್ತಲ್ಲ.

ವಿಮೆ ಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು, ಪುಕ್ಕಟೆ: ಕಂಪೆನಿ ಯಾವಾಗ ಹಣ ಕೊಡುತ್ತದೆ ಎಂದು ಕೇಳಬೇಡಿ, ಯಾವಾಗ ಕೊಡುವುದಿಲ್ಲ ಎಂದು ಕೇಳಿ. ನಾನು ಕೇಳಿದ್ದೆ. “ಸುಳ್ಳು ಬರೆದ್ರೆ ಕೊಡುವುದಿಲ್ಲ ಅಕ್ಕ,” ಎಂದು ಪೈಗಳು ಸ್ಪಷ್ಟವಾಗಿಯೇ ಹೇಳಿದ್ದರು. ಬುದ್ಧಿಮಾತು ಹೇಳುವವರಿಗೆ ಕೇಳುವ ಅಭ್ಯಾಸ ಕಡಿಮೆ. ರುಜು ಹಾಕಿದ ಫಾರಂ ಅಂಚೆಗೆ ಹೋಗಬೇಕಾದ ದಿನವೇ ಆ ಘಟನೆ ನಡೆಯಿತು.

ಮಧ್ಯಾಹ್ನ ಮಕ್ಕಳು ಗಂಜಿ ಉಂಡು ಚಾಪೆಯ ಮೇಲೆ ಮಲಗಿದ್ದವು. ನೀರು ಸೇದಲು ಹೋದ ಕಲ್ಯಾಣಕ್ಕ ಕೂಗಲಿಲ್ಲ. ಕೊಡ ಹಿಡಿದು ಬಾವಿಯ ಪಕ್ಕ ಹಾಗೇ ಕುಳಿತುಬಿಟ್ಟಳು. ನಾನು ಹೋಗಿ ಇಣುಕಿದೆ. ಕರಿ ನೀರಿನ ಮೇಲೆ ಒಂದು ಕೆಂಪು ಉಣ್ಣೆಯ ಟೊಪ್ಪಿ, ಮೆಲ್ಲಗೆ ತಿರುಗುತ್ತಿತ್ತು.

ಒಳಗೆ ಓಡಿ ಎಣಿಸಿದೆ. ಇಪ್ಪತ್ತಮೂರು. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತಮೂರೇ. ಇಪ್ಪತ್ತಮೂರು ಸರಿ, ಆದರೆ ಎಷ್ಟಿರಬೇಕಿತ್ತು? ಬೆಳಿಗ್ಗೆ ಎಷ್ಟು ಬಂದಿದ್ದವು ಎಂಬುದು ಕಲ್ಯಾಣಕ್ಕನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಕ್ಕಳನ್ನು ಎಬ್ಬಿಸಿ, “ಕೆಂಪು ಟೊಪ್ಪಿ ಯಾರದು?” ಎಂದು ಕೇಳಿದೆ. ಎಲ್ಲವೂ ಕೈಯೆತ್ತಿ “ನಂದು! ನಂದು!” ಎಂದವು.

ಎದುರಿನ ಸೋಡಾ ಅಂಗಡಿಯ ಹಸನಬ್ಬ ಹಗ್ಗ ಕಟ್ಟಿಕೊಂಡು ಬಾವಿಗಿಳಿದ. ಮೂರು ಸಲ ಮುಳುಗಿದ. ಟೊಪ್ಪಿಯ ಜೊತೆ ಯಾವ ಕಾಲದ್ದೋ ಒಂದು ತಾಮ್ರದ ಚೆಂಬು ಮೇಲೆ ಬಂತು, ಬೇರೇನೂ ಇಲ್ಲ. “ಕೆಳಗೆ ಕೆಸರು ತುಂಬ ಉಂಟು ಅಕ್ಕ. ನನ್ನ ಕೈಗೆ ಸಿಗ್ಲಿಲ್ಲ, ಅಷ್ಟೇ ಹೇಳ್ಬಹುದು,” ಎಂದ. ಅವನು ಸತ್ಯವಂತ. ಆ ಹೊತ್ತಿಗೆ ಒಬ್ಬ ಸುಳ್ಳುಗಾರ ಸಿಕ್ಕಿದ್ದರೆ ಚೆನ್ನಾಗಿತ್ತು.

ಇನ್ನು ಉಳಿದದ್ದು ಒಂದೇ ದಾರಿ, ಸಂಜೆಯವರೆಗೆ ಕಾಯುವುದು. ತಾಯಂದಿರು ಒಬ್ಬೊಬ್ಬರಾಗಿ ಬಂದರು. ಪ್ರತಿಯೊಬ್ಬಳೂ ಬಾಗಿಲಲ್ಲಿ ಹೆಸರು ಹಿಡಿದು ಕರೆದಾಗ ನನ್ನ ಉಸಿರು ನಿಲ್ಲುತ್ತಿತ್ತು, ಒಳಗಿಂದ ಒಂದು ಮಗು ಓಡಿ ಬಂದಾಗ ಮತ್ತೆ ಬರುತ್ತಿತ್ತು. ಕೊನೆಯ ಮಗುವೂ ಹೋಯಿತು. ಚಾಪೆಗಳು ಖಾಲಿಯಾದವು. ನಾನು ಕಣ್ಣೊರೆಸಿಕೊಂಡು ಬಾಗಿಲು ಮುಚ್ಚಲು ಎದ್ದೆ.

ಆಗ ಬಂದಳು ಗಿರಣಿಯ ಲೀಲಾ.

ಅವಳ ಮಗ ಶೇಖರ ಹೆಚ್ಚಿನ ದಿನ ಬರುವವನು; ಅಂದು ಅವನನ್ನು ಕಂಡಿರಲಿಲ್ಲ ಎಂದು ಆಗ ಹೊಳೆಯಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಕಲ್ಯಾಣಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಲೀಲಾ ಒಳಗೆ ಇಣುಕಿ ನೋಡಿ ಹೇಳಿದಳು:

“ಶೇಖರನಿಗೆ ಜ್ವರ ಅಕ್ಕ, ಅಜ್ಜಿಯೊಟ್ಟಿಗೆ ಮನೆಯಲ್ಲೇ ಬಿಟ್ಟಿದ್ದೆ. ನಿನ್ನೆ ಅವ ಟೊಪ್ಪಿಯನ್ನು ಬಾವಿಕಟ್ಟೆಯ ಮೇಲೆ ಮರ್ತು ಬಂದಿದ್ದಾನಂತೆ. ಸಿಕ್ಕಿತಾ?”

ಒದ್ದೆ ಟೊಪ್ಪಿಯನ್ನು ಹಿಂಡಿ ಅವಳ ಕೈಗೆ ಕೊಟ್ಟೆ. “ಒಗೆದದ್ದು ಯಾಕೆ ಅಕ್ಕ, ಉಪಕಾರ ಜಾಸ್ತಿ ಆಯ್ತು,” ಎಂದಳು ಪಾಪದವಳು.

ಮರುದಿನ, ಅಂಚೆಗೆ ಹಾಕದೆ ಉಳಿದಿದ್ದ ಫಾರಂ ಹರಿದು ಹಾಕಿ ಪೈಗಳಿಗೆ ಹೇಳಿಕಳಿಸಿದೆ. ತುಟ್ಟಿಯಾದರೂ ಎಲ್ಲ ತಲೆಗಳಿಗೂ ಬೇಕೆಂದೆ. ಕುಸಿದ ಕಟ್ಟೆಯನ್ನು ಮೊದಲು ಕಟ್ಟಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಅನಂತರ “ಕಟ್ಟೆ ಉಂಟು” ಎಂದು ಬರೆಸಿದೆ. ಉಳಿದದ್ದು ಎಣಿಕೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಣಿಸಿ ಪುಸ್ತಕದಲ್ಲಿ ಬರೆಯಲೇಬೇಕು ಎಂದು ಕಲ್ಯಾಣಕ್ಕನಿಗೆ ಹೇಳಿದೆ.

“ಆಯ್ತು ಅಕ್ಕ, ಎಣಿಸುವ,” ಎಂದಳು. “ಆದ್ರೆ ಲೆಕ್ಕ ನನ್ನಿಂದ ಶುರು ಆಗ್ಬೇಕು. ದೃಷ್ಟಿ ಬೀಳುವುದಾದ್ರೆ ಮೊದ್ಲು ಈ ಮುದುಕಿಯ ಮೇಲೆ ಬೀಳ್ಲಿ.”

ಹಾಗಾಗಿ ನಮ್ಮ ಪುಸ್ತಕದಲ್ಲಿ ಮೊದಲ ಹೆಸರು ಕಲ್ಯಾಣಿ, ಆಮೇಲೆ ಮಕ್ಕಳು. ಪೈಗಳು ಪಟ್ಟಿ ನೋಡಿ ಕನ್ನಡಕ ಸರಿಪಡಿಸಿಕೊಂಡರು. “ಇದ್ಯಾವ ಮಗು ಅಕ್ಕ, ವಯಸ್ಸು ಅರವತ್ತು? ತೆಗೆದುಬಿಡುವ, ಒಂದು ತಲೆಯ ಕಂತು ನಿಮಗೆ ಉಳೀತದೆ.”

“ಇರಲಿ,” ಎಂದೆ.

ನಾನು ಚೌಕಾಸಿ ಬಿಟ್ಟದ್ದು ಕಂಡು ಅವರೇ ಗಾಬರಿಯಾದರು. ಏನಾದರೂ ಆದರೆ ಹಣ ಕೊಡುತ್ತೇವೆ ಎಂದು ಕಂಪೆನಿ ಬರೆದುಕೊಟ್ಟಿದೆ, ಅದು ಬೇಕು, ನೀವೂ ತೆಗೆದುಕೊಳ್ಳಿ. ಆದರೆ ಆಗುವುದೆಲ್ಲ ಮೊದಲು ನನಗೇ ಆಗಲಿ ಎಂದವಳು ಕಲ್ಯಾಣಕ್ಕ ಒಬ್ಬಳೇ. ಅವಳ ಹೆಸರು ಹೊಡೆದುಹಾಕಿ ನಾಲ್ಕು ಕಾಸು ಉಳಿಸುವಷ್ಟು ಧೈರ್ಯ ನನಗಿರಲಿಲ್ಲ.