ಮೈಕಮ್ಮನ ಮಧ್ಯಾಹ್ನದ ನಿದ್ದೆ

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗಿ ಹೇಳುವುದು ಆಕೆಯ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ಮೈಕಮ್ಮ. ಕೆಲಸದ ಚಾಳಿ ಮನೆಯವರೆಗೂ ಹಿಂಬಾಲಿಸಿ ಬಂದಿತ್ತು. "ಊಟ ಬಡಿಸಿದೆ. ಊಟ ಬಡಿಸಿದೆ. ತಡವಾಗಿ ಬಂದವರಿಗೆ ಬಿಸಿ ಇರೋದಿಲ್ಲ" ಎಂದು ಎರಡೆರಡು ಸಲ ಸಾರಿದ ಮೇಲೇ ತಟ್ಟೆಯ ಮುಂದೆ ಕೂರುತ್ತಿದ್ದಳು.

ಗಂಡ ದರ್ಜಿ. ಹೊಲಿಗೆ ಯಂತ್ರ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ. ಮೊದಲೇ ಮಿತಭಾಷಿ, ಮೇಲಾಗಿ ಸದಾ ತುಟಿಗಳ ನಡುವೆ ಎರಡು ಗುಂಡುಪಿನ್ನು ಕಚ್ಚಿಕೊಂಡಿರುವವನು. ಅಂಥವನು ಹೆಂಡತಿಗೆ ಎದುರಾಡುವುದಾದರೂ ಹೇಗೆ? ಒಟ್ಟಿನಲ್ಲಿ ಸಂಸಾರ ಸುಗಮವಾಗಿ ಸಾಗಿತ್ತು.

ಒಂದು ಬೆಳಿಗ್ಗೆ ನಿಲ್ದಾಣದ ಕೋಣೆಯಲ್ಲಿ ಗೋಡೆಯ ಮೊಳೆ ಸಡಿಲವಾಗಿ, ಹಲಗೆಯ ಮೇಲಿದ್ದ ಹಳೆಯ ಸ್ಪೀಕರ್ ನೇರವಾಗಿ ಮೈಕಮ್ಮನ ತಲೆಯ ಮೇಲೆ ಬಿತ್ತು. ರಕ್ತ ಬರಲಿಲ್ಲ, ಬುಗುಟು ಬಂತು. "ಇಷ್ಟು ವರ್ಷ ನನ್ನ ಮಾತು ಕೇಳಿ ಕೇಳಿ ಅದಕ್ಕೂ ಸಾಕಾಗಿರಬೇಕು" ಎಂದು ನಕ್ಕು ಕೆಲಸ ಮುಂದುವರಿಸಿದಳು.

ಸಂಜೆಗೆ ಆ ನಗು ಉಳಿಯಲಿಲ್ಲ. ಪಾತ್ರೆಗೆ ಸೌಟು ತಾಗಿದರೂ ತಲೆಯೊಳಗೆ ಗರಗಸ ಎಳೆದಂತಾಗುತ್ತಿತ್ತು. ಬೆಳಕು ಚುಚ್ಚುತ್ತಿತ್ತು. ಅದಕ್ಕಿಂತ ಭಯವಾದದ್ದು ಬೇರೆ: ಮಗಳ ಹತ್ತಿರ ಚಮಚ ಕೇಳಲು ಹೋಗಿ "ಆ ಟಿಕೆಟ್ ಕೊಡು" ಎಂದುಬಿಟ್ಟಳು. ಮಗಳು ನಗಲಿಲ್ಲ. ಅಮ್ಮನನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಳು.

ತಲೆಯ ಸ್ಕ್ಯಾನ್ ಮಾಡಿಸಿ ನೋಡಿದ ಡಾಕ್ಟರಮ್ಮ, "ಒಳಗೆ ರಕ್ತಸ್ರಾವ ಇಲ್ಲ, ಹೆದರಬೇಡಿ. ಮಿದುಳು ಒಂದು ಸಲ ಅಲುಗಾಡಿದೆ, ಅದಕ್ಕೆ ಸುಧಾರಿಸಿಕೊಳ್ಳೋಕೆ ಸಮಯ ಬೇಕು. ಚೆನ್ನಾಗಿ ನಿದ್ದೆ ಮಾಡಿ. ಗದ್ದಲದಿಂದ ದೂರ ಇರಿ. ಮೊಬೈಲು, ಟೀವಿ ಬೇಡ. ದಿನಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಉಸಿರು ಗಮನಿಸ್ತಾ ಸುಮ್ಮನೆ ಕೂತ್ಕೊಳ್ಳಿ" ಎಂದರು.

"ಮತ್ತೆ ಔಷಧಿ?"

"ಸದ್ಯಕ್ಕೆ ಇದೇ ಔಷಧಿ."

"ನಿದ್ದೆ ಔಷಧಿನಾ ಮೇಡಂ? ಹಾಗಾದ್ರೆ ನಮ್ಮ ಮನೆಯವರು ಹುಟ್ಟಿದಾಗಿನಿಂದ ಚಿಕಿತ್ಸೆಯಲ್ಲೇ ಇದ್ದಾರೆ!"

ಡಾಕ್ಟರಮ್ಮ ನಕ್ಕರು. "ಎಚ್ಚರ ಇರೋವಾಗ ಮಿದುಳಿಗೆ ಬಿಡುವೆಲ್ಲಿ? ರಿಪೇರಿ ಕೆಲಸವೆಲ್ಲ ಹೆಚ್ಚಾಗಿ ನೀವು ಮಲಗಿದಾಗಲೇ ನಡೆಯೋದು. ತಲೆನೋವು ಜಾಸ್ತಿ ಆದ್ರೆ, ವಾಂತಿ ಆದ್ರೆ ಮಾತ್ರ ತಕ್ಷಣ ಬನ್ನಿ."

ಸುಮ್ಮನೆ ಕೂರುವುದು ಮೈಕಮ್ಮನಿಗೆ ಮಾತ್ರೆ ನುಂಗುವುದಕ್ಕಿಂತ ಕಹಿ. ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದ್ದೇ ತಡ, ಹಾಲು ಒಲೆಯ ಮೇಲಿದೆಯೇ, ಕೆಲಸಕ್ಕೆ ಬೇರೆಯವರನ್ನು ಹಾಕಿಕೊಂಡರೇ, ಈ ಗಂಡಸು ಎಲ್ಲಿ ಹೋದ ಎಂದು ಯೋಚನೆಗಳು ನುಗ್ಗಿ ಬರುತ್ತಿದ್ದವು. ಒಂದು ಕಣ್ಣು ತೆರೆದು ನೋಡುವಳು. ಬಾಗಿಲಲ್ಲಿ ನಿಂತ ಮಗಳು, "ಅಮ್ಮಾ, ಒಂದೇ ಕಣ್ಣು ಮುಚ್ಚಿದ್ರೆ ಸಾಲಲ್ಲ" ಎನ್ನುವಳು.

"ಯೋಚನೆ ಬರುತ್ತಲ್ಲೇ, ನಾನೇನು ಮಾಡ್ಲಿ?"

"ಬರ್ಲಿ ಬಿಡು. ನೀನು ಅದರ ಹಿಂದೆ ಹೋಗ್ಬೇಡ, ಮತ್ತೆ ಉಸಿರಿಗೆ ವಾಪಸ್ ಬಾ."

"ನಿಮ್ಮಪ್ಪನಿಗೆ ಹೇಳಿಕೊಡು ಇದನ್ನ. ಕತ್ತರಿ ಹುಡುಕೋಕೆ ಹೋದವರು ಇನ್ನೂ ವಾಪಸ್ ಬಂದಿಲ್ಲ."

ಗಂಡ ನಿಜಕ್ಕೂ ಮನೆಯಲ್ಲಿ ಇದ್ದೂ ಇಲ್ಲದಂತಾಗಿದ್ದ. ಹೆಂಡತಿಗೆ ಸದ್ದಾಗಬಾರದೆಂದು ಯಂತ್ರಕ್ಕೆ ಬಟ್ಟೆ ಮುಚ್ಚಿ, ಎಲ್ಲವನ್ನೂ ಕೈಯಲ್ಲೇ ಹೊಲಿಯುತ್ತಿದ್ದ. ನೆಲಕ್ಕೆ ನೋವಾದೀತೆಂಬಂತೆ ಬೆರಳ ತುದಿಯಲ್ಲಿ ನಡೆಯುತ್ತಿದ್ದ. ಆದರೆ ಆ ನಿಶ್ಶಬ್ದದಲ್ಲಿ ಮೈಕಮ್ಮನಿಗೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಗಡಿಯಾರದ ಟಿಕ್ ಟಿಕ್ ಸಹ ಯಾರೋ ಬಾಗಿಲು ಬಡಿದಂತೆ ಕೇಳುತ್ತಿತ್ತು. ನಿದ್ದೆ ಬರಲಿಲ್ಲವಲ್ಲ ಎಂಬ ಚಿಂತೆಗೆ ಇದ್ದಬದ್ದ ನಿದ್ದೆಯೂ ಓಡಿಹೋಗುತ್ತಿತ್ತು.

ಒಂದು ಮಧ್ಯಾಹ್ನ ಯಾರದೋ ಮನೆಯ ಉದ್ದನೆಯ ಪರದೆಗಳು ಹೊಲಿಗೆಗೆ ಬಂದವು. ಅವನ್ನು ಕೈಯಲ್ಲಿ ಹೊಲಿದು ಮುಗಿಯುವಂತಿರಲಿಲ್ಲ. ದರ್ಜಿ ಕೋಣೆಯ ಬಾಗಿಲು ಹಾಕಿಕೊಂಡು, ಕಳ್ಳನಂತೆ ಮೆಲ್ಲಗೆ ಯಂತ್ರದ ಕಾಲುಮಣೆ ತುಳಿಯತೊಡಗಿದ. ಗೋಡೆಯಾಚೆಯಿಂದ ಒಂದೇ ಸಮನೆ, ನಿಧಾನವಾಗಿ, ಟಕಟಕ ಟಕಟಕ. ಪರದೆಯ ಅಂಚು ಮುಗಿಯುವುದೇ ಇಲ್ಲ, ಸದ್ದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಮೈಕಮ್ಮ ಬೈಯಲೆಂದು ಬಾಯಿ ತೆರೆದಳು. ಬಾಯಿ ತೆರೆದೇ ಇತ್ತು, ನಿದ್ದೆ ಬಂದಿತ್ತು.

ಎದ್ದಾಗ ಹೊತ್ತು ಇಳಿದಿತ್ತು. ತಲೆ ತೊಳೆದಿಟ್ಟ ಪಾತ್ರೆಯಂತೆ ಹಗುರ. ಗಂಡ ಬಾಗಿಲಲ್ಲಿ ಅಪರಾಧಿಯ ಹಾಗೆ ನಿಂತಿದ್ದ. "ತಪ್ಪಾಯ್ತು ಕಣೇ, ಬೇಗ ಮುಗಿಸೋಣ ಅಂತ..."

"ನಿಲ್ಲಿಸಿದ್ದು ಯಾಕ್ರೀ? ನಿಲ್ಲಿಸಿದ್ದಕ್ಕೇ ಎಚ್ಚರ ಆಯ್ತು!"

ಅಂದಿನಿಂದ ದರ್ಜಿಯ ದಿನಚರಿ ಬದಲಾಯಿತು. ಮಧ್ಯಾಹ್ನಕ್ಕೆಂದು ಉದ್ದ ಹೊಲಿಗೆಯ ಬಟ್ಟೆಗಳನ್ನೇ ತೆಗೆದಿಡಬೇಕು. ಗುಂಡಿ, ಕಾಜಾ ಎಂದು ನಿಂತು ನಿಂತು ಹೊಲಿಯುವಂತಿಲ್ಲ. ಬಟ್ಟೆ ಮುಗಿದರೆ ಬರೀ ಚಿಂದಿಯನ್ನಾದರೂ ಹೊಲಿಯುತ್ತಿರಬೇಕು. ಮುಂದಿನ ಭೇಟಿಯಲ್ಲಿ ಇದನ್ನು ಕೇಳಿದ ಡಾಕ್ಟರಮ್ಮ, "ಕೆಲವರಿಗೆ ಒಂದೇ ಲಯದ ಮೆಲುಸದ್ದು ಹಿತವಾಗಿರುತ್ತೆ, ಮುಂದುವರಿಸಿ" ಎಂದಾಗ ಜೊತೆಗೆ ಬಂದಿದ್ದ ದರ್ಜಿ ತುಟಿಯ ಪಿನ್ನು ತೆಗೆದು, "ಕೇಳಿದ್ಯಾ?" ಎಂದ. ಮದುವೆಯಾದ ಮೇಲೆ ಅವನು ಗೆದ್ದ ಮೊದಲ ವಾದ ಅದು, ಅದೂ ವಾದ ಮಾಡದೆ.

ನಿದ್ದೆ ಹದಕ್ಕೆ ಬಂದ ಮೇಲೆ ಚಾಪೆಯ ಮೇಲೆ ಕೂರುವುದೂ ಅಷ್ಟು ಕಷ್ಟವಾಗಲಿಲ್ಲ. ಯೋಚನೆಗಳು ನಿಲ್ಲಲಿಲ್ಲ. ಆದರೆ ಒಂದೊಂದಕ್ಕೂ ಎದ್ದು ಅಡುಗೆಮನೆಗೆ ಓಡಬೇಕಿಲ್ಲ ಎಂಬುದು ಆಕೆಗೆ ಗೊತ್ತಾಯಿತು. ಎಳೆದ ಉಸಿರು ಮೂಗಿನಲ್ಲಿ ತಣ್ಣಗೆ, ಬಿಟ್ಟದ್ದು ಬೆಚ್ಚಗೆ ಎಂಬ ಸಣ್ಣ ಸಂಗತಿಯನ್ನು ಕಂಡುಹಿಡಿದು, ದೊಡ್ಡ ಸುದ್ದಿಯಂತೆ ನೆರೆಮನೆಯವರಿಗೆಲ್ಲ ಹೇಳಿಬಂದಳು. ಎರಡೆರಡು ಸಲ.

ಡಾಕ್ಟರಮ್ಮ ಒಪ್ಪಿದ ಮೇಲೆ ಅರ್ಧ ದಿನದ ಕೆಲಸಕ್ಕೆ ಹೊರಟಳು. ಮೊದಲ ದಿನವೇ, ಬಸ್ಸಿನ ಸಂಖ್ಯೆ ಹೇಳಿ ಊರಿನ ಹೆಸರು ಹೇಳಬೇಕೆನ್ನುವಷ್ಟರಲ್ಲಿ ಹೆಸರು ಮರೆತುಹೋಯಿತು. ಕಣ್ಣು ಮುಚ್ಚಿ ಉಸಿರಿಗೆ ವಾಪಸ್ ಬಂದಳು. ಮೈಕು ಚಾಲೂ ಇತ್ತು. ನಿಲ್ದಾಣದ ತುಂಬ ಆಕೆಯ ಉಸಿರಿನ ಸದ್ದು ಒಮ್ಮೆ ಒಳಗೆ, ಒಮ್ಮೆ ಹೊರಗೆ ಕೇಳಿಸಿತು. ಜನ ತಲೆಯೆತ್ತಿ ನೋಡಿದರು. ಗಡಿಬಿಡಿಯಲ್ಲಿ ಓಡುತ್ತಿದ್ದವರೂ ನಿಂತರು. ಅಷ್ಟರಲ್ಲಿ ಹೆಸರು ತಾನಾಗಿ ಬಂತು. ಹೇಳಿದಳು, ಸ್ಪಷ್ಟವಾಗಿ, ಒಂದೇ ಸಲ.

ಹೊರಗೆ ನಿಂತಿದ್ದ ಕಂಡಕ್ಟರ್ ಕಿಟಕಿಯಲ್ಲಿ ಇಣುಕಿ, "ಏನ್ ಮೈಕಮ್ಮ, ಇವತ್ತು ಎಲ್ಲರೂ ಸರಿಯಾದ ಬಸ್ಸೇ ಹತ್ತಿದ್ರಲ್ಲ!" ಎಂದ.

ಈಗಲೂ ದಣಿದಾಗ ಆಕೆಯ ಮಾತು ಎಡವುವುದುಂಟು. ಮೊದಲಾಗಿದ್ದರೆ ಮುಚ್ಚಿಟ್ಟುಕೊಂಡು ಇನ್ನೂ ಜೋರಾಗಿ ಮಾತಾಡುತ್ತಿದ್ದಳು. ಈಗ "ನನ್ನ ತಲೆಗೆ ಸುಸ್ತಾಯ್ತು, ನಾನು ಮಲಗ್ತೀನಿ" ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿ, ಹೋಗಿ ಮಲಗುತ್ತಾಳೆ.