ನಾನು ಬಿಗಿ ಮಾಡಿದ ಬ್ರೇಕು

ಮೋಟಾರಿನ ಬಗ್ಗೆ ನನಗೆ ಏನೂ ತಿಳಿಯದು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅದಕ್ಕೆ ಮೊದಲು ಕೆಲವು ತಿಂಗಳು ನಾನು ದೊಡ್ಡ ತಜ್ಞನಾಗಿದ್ದೆ. ಆಗಿನ್ನೂ ಸಂಸ್ಥಾನದ ಕಾಲ. ಮುಧೋಳದಲ್ಲಿ ಹೊಸದಾಗಿ ವಕೀಲಿ ಹೂಡಿದ್ದ ನಾನು, ನಿವೃತ್ತ ಅಧಿಕಾರಿಯೊಬ್ಬರಿಂದ ಹಳೆಯ ಮೋಟಾರೊಂದನ್ನು ಕೊಂಡಿದ್ದೆ. ಜೊತೆಗೆ ಅವರು ಇಂಗ್ಲಿಷಿನ ಕೈಪಿಡಿಯೊಂದನ್ನೂ ಕೊಟ್ಟರು. ಮೋಟಾರು ಕೊಟ್ಟದ್ದಕ್ಕೆ ಅವರನ್ನು ಎಂದೋ ಕ್ಷಮಿಸಿದ್ದೇನೆ. ಪುಸ್ತಕ ಕೊಟ್ಟದ್ದಕ್ಕೆ ಇನ್ನೂ ಇಲ್ಲ.

ಆ ಮೋಟಾರಿಗೆ ಕಾಯುವ ರೋಗ. ಮಹಾಲಿಂಗಪುರ ಮುಟ್ಟುವುದರೊಳಗೆ ಎರಡು ಸಲ ಹಬೆ ಉಗುಳಿ ನಿಂತುಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿ ಸದಾ ಒಂದು ತಾಮ್ರದ ಕೊಡ ಇಟ್ಟುಕೊಂಡಿರುತ್ತಿದ್ದೆ. ನಾನು ಇಳಿದು ನೀರು ಸುರಿಯುತ್ತಿದ್ದರೆ ಬೆಲ್ಲದ ಗಾಡಿಯವರು ನನ್ನನ್ನು ದಾಟಿ ಹೋಗುತ್ತ, “ವಕೀಲ್ರ, ನೀರ ಕುಡಸಾಕತ್ತೀರೇನ್ರಿ?” ಎಂದು ಮರ್ಯಾದೆಯಿಂದಲೇ ಕೇಳುತ್ತಿದ್ದರು.

ನನ್ನ ಅಜ್ಜ ನಾಡಿ ನೋಡುವವರು. ಮೈ ಬಿಸಿಯಾದವನಿಗೆ ತಕ್ಷಣ ಔಷಧ ಕೊಡುತ್ತಿರಲಿಲ್ಲ. ಎಲ್ಲಿ ನೋವು, ಏನು ತಿಂದೆ, ಎಲ್ಲಿ ಮಲಗಿದ್ದೆ ಎಂದು ವಿಚಾರಿಸುತ್ತಿದ್ದರು. ಜ್ವರ ರೋಗವಲ್ಲ, ರೋಗ ಕಳಿಸಿದ ಸುದ್ದಿ ಎನ್ನುವುದು ಅವರ ನಂಬಿಕೆ. ಅಂಥವರ ಮೊಮ್ಮಗನಾದ ನಾನು ನೀರು ಸುರಿಯುವುದನ್ನೇ ಚಿಕಿತ್ಸೆ ಎಂದುಕೊಂಡಿದ್ದೆ.

ಕೊನೆಗೆ ಮೋಟಾರನ್ನು ದಸ್ತಗೀರಸಾಹೇಬರಿಗೆ ತೋರಿಸಿದೆ; ಅವರು ಅಜ್ಜನ ಹಾಗೆ ರೋಗದ ಮೂಲ ಹುಡುಕಿದರು. ಊರಿನಲ್ಲಿ ಮೋಟಾರು ಬಿಚ್ಚಬಲ್ಲ ಮಿಸ್ತ್ರಿ ಅವರೊಬ್ಬರೇ. ಮುಂದಿನ ಮುಚ್ಚಳ ತೆಗೆಯುವ ಬದಲು ಅವರು ನಾಲ್ಕೂ ಗಾಲಿಗಳ ಬಳಿ ಕುಕ್ಕರಿಸಿ ಕೈಯಿಟ್ಟು ನೋಡಿದರು.

“ಇಲ್ಲಿ ಮುಟ್ಟಿ ನೋಡ್ರಿ,” ಎಂದರು. ಹಿಂದಿನ ಎಡಗಾಲಿ ಕಾದ ಹಂಚಿನಂತಿತ್ತು. “ಬ್ರೇಕ್ ಗಾಲಿ ಬಿಡವಲ್ದು. ಹಿಡಕೊಂಡ ಗಾಲಿ ಎಳದು ಎಳದು ಇಂಜಿನ್ ದಣೀತದ, ಕಾಯ್ತದ. ನೀರು ಹಾಕಿದ್ರ ಏನ್ ಆಗ್ತದ್ರಿ?”

ಅವರು ಪೆಡಲಿನಿಂದ ಬ್ರೇಕಿಗೆ ಹೋಗುವ ಕಬ್ಬಿಣದ ಸಳಿಯ ನಟ್ಟನ್ನು ಸಡಿಲಿಸಿ ಕೊಟ್ಟರು. ಮೋಟಾರು ಜಮಖಂಡಿಗೆ ಹೋಗಿ ಬಂದರೂ ಹಬೆ ಉಗುಳಲಿಲ್ಲ. ಆದರೆ ಪೆಡಲ್ ಮೊದಲಿಗಿಂತ ಒಂದಿಷ್ಟು ಆಳಕ್ಕೆ ಹೋಗುತ್ತಿತ್ತು. ಕೈಪಿಡಿ ತೆಗೆದೆ. ಬ್ರೇಕು ಬಿಗಿಯಾಗಿರಬೇಕು ಎಂದು ಅದರಲ್ಲಿತ್ತು; ಎಷ್ಟು ಬಿಗಿ ಎಂಬ ಮುಂದಿನ ಸಾಲನ್ನು ಓದುವ ತಾಳ್ಮೆ ನನಗಿರಲಿಲ್ಲ. ನಟ್ಟು ತಿರುಗಿಸುವ ಪಾನಾ ಹಿಡಿದು ಮೋಟಾರಿನ ಕೆಳಗೆ ನುಸುಳಿ, ಸಳಿಯ ನಟ್ಟನ್ನು ನಾಲ್ಕು ಸುತ್ತು ತಿರುವಿ ಬಿಗಿ ಮಾಡಿದೆ. ಹೊರಗೆ ಬಂದಾಗ ಅಂಗಿಗೆ ಹತ್ತಿದ ಎಣ್ಣೆಯನ್ನು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ.

ಮರುದಿನ ನಮ್ಮಕ್ಕ ಗಂಗಕ್ಕನನ್ನು ಅವಳ ಗಂಡನ ಮನೆಗೆ, ಬೀಳಗಿಗೆ ಬಿಡಲು ಹೊರಟೆ. ದಾರಿಯಲ್ಲಿ ಮತ್ತೆ ಹಬೆ ಎದ್ದಿತು. ಗಾಲಿ ಮುಟ್ಟಿ ನೋಡುವ ಬದಲು ನೀರು ಸುರಿದು ಮುಂದೆ ನಡೆದೆ. ಬೀಳಗಿ ಹತ್ತಿರದ ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಸುಟ್ಟ ವಾಸನೆ ಬಂತೇ ಹೊರತು ಮೋಟಾರು ನಿಲ್ಲಲಿಲ್ಲ. ಇಡೀ ದಾರಿ ಉಜ್ಜಿ ಉಜ್ಜಿ ಕಾದ ಬ್ರೇಕು, ಬೇಕಾದ ಹೊತ್ತಿಗೆ ಸತ್ವ ಕಳೆದುಕೊಂಡಿತ್ತು.

“ತಮ್ಮಾ, ನಿಂದರಸೋ!” ಎಂದು ಗಂಗಕ್ಕ ಕೂಗಿದಳು. ನಾನು ಹೊಲದಲ್ಲಿ ಒಟ್ಟಿದ್ದ ಜೋಳದ ಒಣದಂಟಿನ, ಕಣಿಕಿಯ ಬಣವಿಯತ್ತ ತಿರುಗಿಸಿದೆ. ಮೋಟಾರು ಅದಕ್ಕೆ ಢಿಕ್ಕಿ ಹೊಡೆದು ನಿಂತಿತು. ನನಗೆ ತರಚು ಗಾಯವೂ ಆಗಲಿಲ್ಲ. ಗಂಗಕ್ಕನ ಬಲಗೈ ಮಣಿಕಟ್ಟು ಮುರಿಯಿತು.

ಊರಿಗೆ ಬಂದಾಗ ಚಹಾದ ಅಂಗಡಿಯಲ್ಲಿ ಎಲ್ಲರೂ ಸುತ್ತುವರಿದು ಕೇಳಿದರು. “ಮಿಸ್ತ್ರಿ ಬ್ರೇಕ್ ಸಡಿಲ ಮಾಡಿದ್ದ” ಎಂದೆ. ಮಾತು ಸುಳ್ಳಲ್ಲ. ಆದರೆ ಯಾವ ಮಾತನ್ನು ಹೇಳಿ ಯಾವುದನ್ನು ಬಿಡಬೇಕೆಂಬುದು ವಕೀಲನ ಕಸುಬು. ನಾನು ನಾಲ್ಕು ಸುತ್ತನ್ನು ಬಿಟ್ಟುಬಿಟ್ಟೆ. ಮಹಾಲಿಂಗಪುರದ ಬಾಡಿಗೆ ಮೋಟಾರಿನವರು ದಸ್ತಗೀರಸಾಹೇಬರ ಬಳಿ ಬರುವುದನ್ನು ನಿಲ್ಲಿಸಿದರು.

ಗಂಗಕ್ಕನ ಕೈ ಕೂಡಿಕೊಂಡಿತು, ಸೊಟ್ಟಗೆ. ಆ ಕೈಯಿಂದ ಅವಳು ರೊಟ್ಟಿ ತಟ್ಟುವುದನ್ನು ಕಂಡ ದಿನ ಊಟ ಬಿಟ್ಟು ಎದ್ದೆ. ನೇರವಾಗಿ ಮಿಸ್ತ್ರಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

“ಗೊತ್ತೈತ್ರಿ,” ಎಂದರು ಅವರು. “ಮೋಟಾರು ಎಳಕೊಂಡು ಬಂದಾವ ನಾನ ಅಲ್ರೀ? ನಟ್ಟು ನೋಡೇನಿ.”

“ಮತ್ತ ಯಾಕ ಸುಮ್ಮನಿದ್ರಿ?”

“ನೀವು ವಕೀಲರು. ನಿಮ್ಮ ಮುಂದ ನಾ ವಾದ ಮಾಡಿ ಗೆಲ್ತಿದ್ನೇನ್ರಿ?” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: “ನನಗ ಹೇಳಿದ್ದು ಛಲೋ ಆತು. ಆದರ ನನಗ ಮೊದಲ ಗೊತ್ತಿತ್ತಲ್ರಿ. ಗೊತ್ತಿಲ್ಲದವ್ರು ಚಾದ ಅಂಗಡ್ಯಾಗ ಅದಾರ. ಅಲ್ಲಿ ಹೇಳ್ರಿ.”

ಆಗಲಿ ಎಂದೆ. ಆದರೆ ಒಂದು ದಿನ ಅಂಗಡಿಯಲ್ಲಿ ನನ್ನ ಕಕ್ಷಿದಾರರಿದ್ದರು, ಇನ್ನೊಂದು ದಿನ ಜನವೇ ಇರಲಿಲ್ಲ, ಮತ್ತೊಂದು ದಿನ ಮಾತು ಬೇರೆ ಕಡೆ ಹೊರಳಿತ್ತು. ಹೀಗೆ ನಾನು ಸಮಯ ನೋಡುತ್ತಿರುವಾಗಲೇ ದಸ್ತಗೀರಸಾಹೇಬರು ಸಾಮಾನು ಕಟ್ಟಿಕೊಂಡು ಕೊಲ್ಲಾಪುರದ ಕಡೆ ಹೋದರು. ಇಲ್ಲಿ ಕೆಲಸ ಬರುತ್ತಿರಲಿಲ್ಲ. ವಿಷಯ ತಿಳಿದ ದಿನವೇ ಅಂಗಡಿಗೆ ಹೋಗಿ, ನಿಂತುಕೊಂಡೇ, ನಾಲ್ಕು ಸುತ್ತಿನ ಕತೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ಬೈಯಲಿಲ್ಲ. ಮೂಲೆಯಲ್ಲಿದ್ದ ಹಿರಿಯರೊಬ್ಬರು ಮಾತ್ರ, “ಇದನ್ನ ಅಂವಾ ಇದ್ದಾಗ ಹೇಳಬೇಕಿತ್ತಲ್ರಿ” ಎಂದು ಚಹಾ ಕುಡಿಯತೊಡಗಿದರು.

ತಪ್ಪು ಒಪ್ಪಿಕೊಳ್ಳಲು ಧೈರ್ಯ ಬೇಕೆಂದು ಜನ ಹೇಳುವುದನ್ನು ಕೇಳಿದ್ದೇನೆ. ಧೈರ್ಯ ನನಗೂ ಬಂತು. ಬೇಕಾಗಿದ್ದದ್ದು ಅವಸರ.